ಮೂರನೆಯ ಎಸೆತಕ್ಕೆ ಇಟ್ಟಿದ್ದ ವಿಮಾನ

ನೋಟಿಸ್ ಬೋರ್ಡಿನಲ್ಲಿ ಆ ಚೀಟಿ ಕಂಡದ್ದು ಒಂದು ಸೋಮವಾರ ಬೆಳಿಗ್ಗೆ. ಸುಳ್ಯದಲ್ಲಿ ನಮ್ಮ ಪ್ರೆಸ್ಸಿನ ಹೊಸ ಗೋಡೌನು ಸಿದ್ಧವಾಗಿತ್ತು. ಅದರೊಳಗೆ ಮಷಿನ್‌ಗಳು ಬಂದು ಕೂರುವ ಮೊದಲು ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಯ ಕೆಲಸದವರು ಒಂದು ಭಾನುವಾರ ಅಲ್ಲಿ ಸೇರಿ ಊಟ ಮಾಡುವುದು, ಊಟಕ್ಕೆ ಮೊದಲು ಕಾಗದದ ವಿಮಾನ ಹಾರಿಸುವ ಸ್ಪರ್ಧೆ ಎಂದು ಬರೆದಿತ್ತು. ಇಬ್ಬಿಬ್ಬರ ತಂಡ. ಒಂದು ವಿಮಾನಕ್ಕೆ ಒಂದು ಎ-ಫೋರ್ ಹಾಳೆ, ಅವರವರೇ ತರಬೇಕು, ಮೊದಲೇ ಮಡಚಿಯೂ ತರಬಹುದು. ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ, ಪಿನ್ನು ಚುಚ್ಚುವಂತಿಲ್ಲ, ಮಡಚಬಹುದು, ಅಷ್ಟೆ. ತಂಡಕ್ಕೆ ಮೂರು ಎಸೆತ. ಯಾರ ವಿಮಾನ ಹೆಚ್ಚು ಹೊತ್ತು ಗಾಳಿಯಲ್ಲಿ ಇರುತ್ತದೋ ಅವರು ಗೆದ್ದಂತೆ. ಕೊನೆಯಲ್ಲಿ ಮ್ಯಾನೇಜರು ಪೆನ್ನಿನಿಂದ ಒಂದು ಸಾಲು ಸೇರಿಸಿದ್ದರು: ‘ಇದು ಬರೀ ತಮಾಷೆಗೆ.’

ನಾನು ಪುತ್ತೂರಿನ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವಳು. ಪಂಜದಿಂದ ಬಸ್ಸಿನಲ್ಲಿ ಬಂದು ದಿನವಿಡೀ ಕಾಗದ ಮಡಚಿ, ಹೊಲಿದು, ಅಂಟಿಸಿ ಸಂಜೆಯ ಬಸ್ಸಿಗೆ ಹೋಗುತ್ತೇನೆ. ಚೀಟಿ ಓದುತ್ತಿದ್ದಾಗ ನನ್ನ ಹಿಂದೆ ಬಂದು ನಿಂತವಳು ಡಿಸೈನ್ ಮಾಡುವ ಗೆಳತಿ. ಅವಳು ನೆಲ್ಯಾಡಿಯವಳು, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಮದುವೆ ಕಾಗದ, ಬಿಲ್ ಪುಸ್ತಕ, ಸೊಸೈಟಿಯ ವರದಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸುವುದು ಅವಳ ಕೆಲಸ. ಎಂಟು ವರ್ಷಗಳಿಂದ ನಾವು ಜೊತೆ. ನನ್ನ ಗಂಡನಿಗೆ ಆಪರೇಶನ್ ಆದಾಗ ಆಸ್ಪತ್ರೆಯಲ್ಲಿ ಮೂರು ದಿನ ನನ್ನ ಬದಿಯಲ್ಲಿ ಕೂತವಳು ಅವಳು. ನನ್ನ ತಂಗಿಯರೂ ಅಷ್ಟು ಕೂತಿರಲಿಲ್ಲ.

“ಅಕ್ಕ, ನಾವಿಬ್ಬರು ಸೇರುವ. ನೀವು ಮಡಚಿ, ನಾನು ಬಿಸಾಡ್ತೇನೆ” ಅಂದಳು. ಅವಳು ಕಾಲೇಜಿನಲ್ಲಿ ತ್ರೋಬಾಲ್ ಆಡಿದವಳು. ಎತ್ತರ ಇದ್ದಾಳೆ, ಕೈಯಲ್ಲಿ ಬಲ ಉಂಟು.

ಸ್ಪರ್ಧೆ ತಮಾಷೆಗೇ ಇರಬಹುದು. ಆದರೆ ನನ್ನ ಮನಸ್ಸಿನಲ್ಲಿ ಬೇರೊಂದು ಲೆಕ್ಕ ಇತ್ತು. ಸುಳ್ಯದ ಆ ಗೋಡೌನಿನಲ್ಲಿ ರಟ್ಟಿನ ಬಾಕ್ಸ್ ಮಾಡುವ ವಿಭಾಗ ಶುರುವಾಗುವುದಿತ್ತು. ಸ್ವೀಟಿನ ಅಂಗಡಿಗೆ, ಗೋಡಂಬಿಯವರಿಗೆ ಬೇಕಾದ ಬಾಕ್ಸ್‌ಗಳು. ಸಾವಿರಗಟ್ಟಲೆ ಬಾಕ್ಸ್ ಮಷಿನ್‌ನಲ್ಲಿ ಬರುವ ಮೊದಲು ಒಬ್ಬರು ಕೈಯಲ್ಲಿ ಒಂದು ಮಾದರಿ ಮಡಚಿ ನೋಡಬೇಕು: ಎಲ್ಲಿ ಗೆರೆ ಬರಬೇಕು, ಎಲ್ಲಿ ಮುಚ್ಚಳದ ಬಾಯಿ ಸಿಕ್ಕಿಕೊಳ್ಳಬೇಕು, ಎಲ್ಲಿ ರಟ್ಟು ಒಡೆಯುತ್ತದೆ. ನನಗೆ ಆ ಕೆಲಸ ಬೇಕಿತ್ತು. ನಮ್ಮಲ್ಲಿಗೆ ಬೈಂಡಿಂಗ್ ಮಷಿನ್ ಬಂದ ಮೇಲೆ ನನ್ನ ಕೈಗೆ ಉಳಿದದ್ದು ಹೆಚ್ಚಾಗಿ ಕಟ್ಟು ಕಟ್ಟಿ ಲೇಬಲ್ ಹಚ್ಚುವುದು ಮಾತ್ರ. ಕೇಳಲು ನಾಚಿಕೆಯಾಗಿ ಮ್ಯಾನೇಜರ ಹತ್ತಿರ ಹೇಳಿರಲಿಲ್ಲ. ಸ್ಪರ್ಧೆಯಲ್ಲಿ ನನ್ನ ಮಡಿಕೆ ಅವರ ಕಣ್ಣಿಗೆ ಬಿದ್ದರೆ ಕೇಳಲು ಒಂದು ದಾರಿ ಆದೀತು ಎಂದುಕೊಂಡೆ. ಇದನ್ನು ಗೆಳತಿಗೆ ಹೇಳಿದೆ. “ನಿಮಗೇ ಸಿಗ್ಬೇಕದು ಅಕ್ಕ. ನಿಮ್ಮ ಹಾಗೆ ಮಡಚುವವರು ಈ ಮೂರು ಕಡೆಯಲ್ಲಿ ಯಾರುಂಟು?” ಅಂದಳು.

ನಮಗೆ ಮೂರು ವಾರ ಇತ್ತು. ಮಧ್ಯಾಹ್ನ ಬೇಗ ಬೇಗ ಉಂಡು ಟೆರೇಸಿಗೆ ಹೋಗುತ್ತಿದ್ದೆವು. ಮೇಲೆ ಶೀಟು ಹಾಕಿದ, ಎತ್ತರದ ಜಾಗ. ಗಾಳಿ ಬರುವ ಬದಿಗೆ ಟಾರ್ಪಾಲು ಇಳಿಸಿದರೆ ಒಳಗೆ ಗಾಳಿ ಅಲುಗುತ್ತಿರಲಿಲ್ಲ. ಮೊದಲ ದಿನ ನಾನು ಮಡಚಿದ್ದು ಶಾಲೆಯ ಮಕ್ಕಳು ಮಾಡುವ ಚೂಪು ಮೂಗಿನ ವಿಮಾನ. ಅದು ಬಾಣದ ಹಾಗೆ ಹೋಗಿ ಎದುರಿನ ಗೋಡೆಗೆ ಬಡಿಯಿತು. ಗೆಳತಿ ಮೊಬೈಲಿನಲ್ಲಿ ಸಮಯ ನೋಡಿ “ಮೂರು ಸೆಕೆಂಡು” ಅಂದಳು. ದೂರ ಹೋಗುವುದಲ್ಲ, ಮೇಲೆ ನಿಲ್ಲುವುದು ಮುಖ್ಯ ಎಂದು ಆಗ ಸರಿಯಾಗಿ ತಲೆಗೆ ಹೋಯಿತು.

ರೆಕ್ಕೆ ಅಗಲ ಮಾಡಿದೆ. ಅಗಲ ರೆಕ್ಕೆಯ ವಿಮಾನ ಮೇಲೆ ಹೋಯಿತು, ಮೂಗು ಎತ್ತಿತು, ಅರೆಗಳಿಗೆ ನಿಂತಿತು, ಹಿಂದಕ್ಕೆ ಜಾರಿ ದೊಪ್ಪನೆ ಬಿತ್ತು. ಮುಂದೆ ಭಾರ ಸಾಲದು. ಎರಡು ಮೂಲೆ ಒಳಗೆ ಮಡಚಿ, ಆ ತುದಿಯನ್ನು ಚಾಪೆ ಸುತ್ತಿದ ಹಾಗೆ ಸಣ್ಣಸಣ್ಣದಾಗಿ ಸುತ್ತಿಕೊಂಡು ಬಂದೆ. ನಾಲ್ಕು ಸುತ್ತಿಗೆ ಇನ್ನೂ ಹಿಂದಕ್ಕೆ ಜಾರುತ್ತಿತ್ತು. ಆರು ಸುತ್ತಿಗೆ ಮೂಗಡಿಯಾಗಿ ಬಿತ್ತು. ಐದು ಸುತ್ತು ಸರಿಯಾಯಿತು. ಪ್ರತಿ ಸುತ್ತನ್ನೂ ಬಿದಿರಿನ ಪಟ್ಟಿಯಿಂದ ತೀಡಿ ಗಟ್ಟಿ ಮಾಡುತ್ತಿದ್ದೆ. ಆರು ಸೆಕೆಂಡು ಬಂತು. ಗೆಳತಿ ಒಂದು ಹಳೆಯ ಬಿಲ್ ಪುಸ್ತಕದ ಹಿಂದೆ ಎಲ್ಲವನ್ನೂ ಬರೆದುಕೊಂಡಳು. ಪ್ರತಿ ಹಂತದ ಫೋಟೋ ಕೂಡ ತೆಗೆಯುತ್ತಿದ್ದಳು. “ಮರ್ತು ಹೋಗ್ತದಲ್ವಾ ಅಕ್ಕ” ಅನ್ನುತ್ತಿದ್ದಳು.

ಆರರಿಂದ ಮೇಲೆ ಒಂದು ವಾರ ಹೋಗಲೇ ಇಲ್ಲ. ರೆಕ್ಕೆ ಮೇಲೆ ಹೋಗುವಾಗ ಚೆನ್ನಾಗಿರುತ್ತಿತ್ತು. ಇಳಿಯುವಾಗ ತುದಿ ಸೋತು, ಒದ್ದೆ ಬಟ್ಟೆಯ ಹಾಗೆ ಅಲುಗಾಡುತ್ತಿತ್ತು. ದಪ್ಪ ಕಾಗದ ಹಾಕಿದರೆ ಭಾರ, ತೆಳುವಾದರೆ ಸೋಲು. ಆ ಗುರುವಾರ ಒಂದು ಪುಸ್ತಕ ಬೈಂಡಿಂಗ್‌ಗೆ ಬಂದಿತ್ತು. ಬೆನ್ನಿಗೆ ಅಂಟು ಹಾಕಿದರೆ ಪುಟಗಳೆಲ್ಲ ಅಲೆ ಅಲೆಯಾಗಿ ಎದ್ದವು. ನೋಡಿದ ಕೂಡಲೇ ಗೊತ್ತಾಯಿತು, ನಾರಿನ ದಿಕ್ಕು ತಪ್ಪಿಸಿ ಕತ್ತರಿಸಿದ್ದಾರೆ ಎಂದು. ಕಾಗದದೊಳಗಿನ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಆ ದಿಕ್ಕಿಗೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡ ಹರಿದರೆ ಅಂಕುಡೊಂಕು. ನಾರಿನ ಉದ್ದಕ್ಕೆ ಕಾಗದ ಸೆಟೆದು ನಿಲ್ಲುತ್ತದೆ, ಅಡ್ಡಕ್ಕೆ ಬಾಗುತ್ತದೆ. ಪುಸ್ತಕ ಹಾಗೇ ಬಿಟ್ಟು ಟೆರೇಸಿಗೆ ಓಡಿದೆ. ಅಂಗಡಿಯಲ್ಲಿ ಸಿಗುವ ಎ-ಫೋರ್ ಹಾಳೆಯಲ್ಲಿ ನಾರು ಉದ್ದುದ್ದ ಇರುತ್ತದೆ. ಎಂದರೆ ನಮ್ಮ ವಿಮಾನದಲ್ಲಿ ಮೂಗಿನಿಂದ ಬಾಲಕ್ಕೆ. ರೆಕ್ಕೆ ಸೋಲದೆ ಏನು ಮಾಡೀತು? ನಾರು ರೆಕ್ಕೆಯ ಈ ತುದಿಯಿಂದ ಆ ತುದಿಗೆ ಬರಬೇಕು.

ಕಟಿಂಗ್ ಮಷಿನ್ ನಡೆಸುವವರ ಹತ್ತಿರ ದೊಡ್ಡ ಹಾಳೆಯಿಂದ ದಿಕ್ಕು ತಿರುಗಿಸಿ ಎ-ಫೋರ್ ಕತ್ತರಿಸಿಕೊಂಡೆ. ನೋಡಲು ಎರಡೂ ಹಾಳೆ ಒಂದೇ. ಬೆರಳಿನಲ್ಲಿ ಬಗ್ಗಿಸಿದರೆ ಮಾತ್ರ ಬೇರೆ. ಮೊದಲ ಎಸೆತಕ್ಕೇ ಒಂಬತ್ತು ಸೆಕೆಂಡು ಬಂತು. ಗೆಳತಿ ನನ್ನನ್ನು ಅಪ್ಪಿಕೊಂಡಳು.

“ಇದು ಯಾರಿಗೂ ಹೇಳುದು ಬೇಡ” ಅಂದೆ.

“ನಾನೆಂತಕ್ಕೆ ಹೇಳುದು? ಹೇಳಿದ್ರೂ ಯಾರಿಗೆ ಅರ್ಥ ಆಗ್ಲಿಕ್ಕುಂಟು?” ಅಂದಳು.

ಮತ್ತೆ ಉಳಿದದ್ದು ಸಣ್ಣ ತೊಂದರೆಗಳು. ವಿಮಾನ ಎಡಕ್ಕೆ ತಿರುಗುತ್ತ ಬೇಗ ಇಳಿಯುತ್ತಿತ್ತು. ಎಡ ರೆಕ್ಕೆಯ ಹಿಂದಿನ ಅಂಚನ್ನು ಉಗುರಿನಲ್ಲಿ ಕೂದಲೆಳೆಯಷ್ಟು ಕೆಳಗೆ ಬಾಗಿಸಿದೆ, ದೊಡ್ಡ ಸುತ್ತು ಹಾಕಿ ಇಳಿಯತೊಡಗಿತು. ಮಳೆಗೆ ಕಾಗದ ಮೆತ್ತಗಾಗುತ್ತಿತ್ತು. ಲ್ಯಾಮಿನೇಶನ್ ಮಷಿನ್‌ನ ಬಿಸಿಯ ಪಕ್ಕ ಹಾಳೆಗಳನ್ನು ಒಂದು ಗಂಟೆ ಇಟ್ಟು, ಪ್ಲಾಸ್ಟಿಕ್ ಫೈಲಿನಲ್ಲಿ ಮುಚ್ಚಿದೆ. ಈ ನಡುವೆ ಗೆಳತಿ ಮೂರು ಮಧ್ಯಾಹ್ನ ಬರಲಿಲ್ಲ. ಅಮ್ಮನಿಗೆ ಹುಷಾರಿಲ್ಲ, ಅರ್ಧ ದಿನ ರಜೆ ಅಂದಳು. ಆ ದಿನಗಳಲ್ಲಿ ನಾನೊಬ್ಬಳೇ ಮಡಚಿದೆ, ಒಬ್ಬಳೇ ಎಸೆದೆ. ಕೊನೆಗೆ ಹನ್ನೊಂದು ಸೆಕೆಂಡು ನಿಂತ ಒಂದು ವಿಮಾನ ಸಿಕ್ಕಿತು. ಅದರಲ್ಲಿ ಐದನೆಯ ಸುತ್ತನ್ನು ಪೂರ್ತಿ ತೀಡದೆ ತುಸು ಸಡಿಲ ಬಿಟ್ಟಿದ್ದೆ. ಮುಂದಿನ ಅಂಚು ಉರುಟಾಗಿ ನಿಂತಿತ್ತು. ಇದನ್ನು ಗೆಳತಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಮೂರನೆಯ ಎಸೆತಕ್ಕೆ ಕೈಗೆ ಕೊಟ್ಟು ಅವಳ ಮುಖ ನೋಡಬೇಕೆಂದಿದ್ದೆ.

ಭಾನುವಾರ ಪುತ್ತೂರಿನಿಂದ ಒಂದು ಟೆಂಪೊದಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಗೋಡೌನು ದೊಡ್ಡದಿತ್ತು, ಬಣ್ಣದ ವಾಸನೆ ಹೋಗಿರಲಿಲ್ಲ. ನಾನು ಕೈ ತೊಳೆಯಬೇಕು, ನಳ್ಳಿ ಎಲ್ಲಿ ಎಂದು ಅತ್ತಿತ್ತ ನೋಡುತ್ತಿದ್ದಾಗ ಅವಳು “ಆ ಬಾಗಿಲಿನ ಹಿಂದೆ ಎಡಕ್ಕೆ ಉಂಟು ಅಕ್ಕ” ಅಂದಳು. ಹೋದೆ, ಇತ್ತು. ಆಗ ನನಗೆ ಏನೂ ಅನ್ನಿಸಲಿಲ್ಲ.

ಒಂಬತ್ತು ತಂಡಗಳಿದ್ದವು. ಮ್ಯಾನೇಜರು ಕುರ್ಚಿಯ ಮೇಲೆ ನಿಂತು ಸಮಯ ನೋಡುವುದು, ಕಡಬದ ಕೌಂಟರಿನವರು ಬರೆಯುವುದು. ಹೆಚ್ಚಿನವರ ವಿಮಾನ ಮೂರು, ನಾಲ್ಕು ಸೆಕೆಂಡಿಗೆ ನೆಲ ಸೇರಿತು, ಜನ ನಕ್ಕರು. ನಮ್ಮದು ಬಂದಾಗ ಗೆಳತಿ ಮೊಣಕಾಲು ಬಗ್ಗಿಸಿ ನೇರ ಮೇಲಕ್ಕೆ ಎಸೆದಳು. ವಿಮಾನ ಶೀಟಿನ ಹತ್ತಿರ ಹೋಗಿ, ತಿರುಗಿ, ದೊಡ್ಡ ಸುತ್ತು ಹಾಕಿ ಇಳಿಯಿತು. ಒಂಬತ್ತೂವರೆ. ನಗು ನಿಂತಿತು, ಯಾರೋ ಚಪ್ಪಾಳೆ ಹೊಡೆದರು.

ಆಮೇಲೆ ಸುಳ್ಯದ ತಂಡ. ಅಲ್ಲಿನ ಶಾಖೆಯ ಇನ್‌ಚಾರ್ಜು ಮತ್ತು ಅವರ ಮಷಿನ್‌ನವರು. ಇನ್‌ಚಾರ್ಜು ಎಸೆದ ವಿಮಾನ ಮೇಲೆ ಹೋಯಿತು, ತಿರುಗಿತು, ದೊಡ್ಡ ಸುತ್ತು ಹಾಕಿತು. ಅಗಲ ರೆಕ್ಕೆ ಸ್ವಲ್ಪವೂ ಅಲುಗಲಿಲ್ಲ. ಹತ್ತು ಸೆಕೆಂಡು. ಅದು ಬಂದು ಬಿದ್ದದ್ದು ನನ್ನ ಕಾಲಿನಿಂದ ನಾಲ್ಕು ಹೆಜ್ಜೆ ದೂರ.

ಹೆಕ್ಕಿಕೊಂಡೆ. ಮೂಗಿಗೆ ಐದು ಸುತ್ತು. ಅದು ಹೇಗೋ ಅವರಿಗೂ ಹೊಳೆದಿರಬಹುದು ಎಂದುಕೊಂಡೆ. ರೆಕ್ಕೆಯನ್ನು ಎರಡು ಬೆರಳಿನ ನಡುವೆ ಮೊದಲು ಹೀಗೆ, ಮತ್ತೆ ಹಾಗೆ ಬಗ್ಗಿಸಿ ನೋಡಿದೆ. ನಾರು ಈ ತುದಿಯಿಂದ ಆ ತುದಿಗೆ ಇತ್ತು. ಎಡ ರೆಕ್ಕೆಯ ಹಿಂದಿನ ಅಂಚಿನಲ್ಲಿ ಉಗುರಿನ ಗುರುತು. ತಲೆ ಎತ್ತಿ ಗೆಳತಿಯ ಕಡೆ ನೋಡಿದೆ. ಅವಳು ತನ್ನ ಚಪ್ಪಲಿಯ ಬಾರು ಸರಿ ಮಾಡಿಕೊಳ್ಳುತ್ತಿದ್ದಳು.

ಎರಡನೆಯ ಸುತ್ತಿನಲ್ಲಿ ನಮ್ಮದಕ್ಕೆ ಹತ್ತು, ಅವರದಕ್ಕೆ ಹತ್ತೂವರೆ ಬಂತು. ಮೂರನೆಯದಕ್ಕೆ ಮೊದಲು ಎಲ್ಲರಿಗೂ ಶರಬತ್ತು ಕೊಟ್ಟರು. ಇನ್‌ಚಾರ್ಜು ಲೋಟ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅವರನ್ನು ನಾನು ಅದಕ್ಕೂ ಮೊದಲು ಎರಡೋ ಮೂರೋ ಸಲ ನೋಡಿದ್ದೆನಷ್ಟೆ. ಒಳ್ಳೆಯ ಮುಖದವರು, ಏನೂ ಗೊತ್ತಿಲ್ಲದೆ ಮಾತಾಡಿದರು.

“ನಿಮ್ಮ ಫ್ರೆಂಡ್ ಭಾರಿ ಹುಷಾರು ಮಾರಾಯ್ರೆ. ಕಾಗದದ ನಾರು ನೋಡಿ ಮಡಚುದು ಅಂತ ಅವರು ತೋರಿಸಿಕೊಟ್ಟ ಮೇಲೆಯೇ ನಮಗೆ ಗೊತ್ತಾದದ್ದು. ಮೊನ್ನೆ ಇಲ್ಲಿಯೇ ಕೂತು ಫೋಟೋ ಎಲ್ಲ ತೋರಿಸಿದ್ರು. ನೀವು ಅವರಿಗೆ ಸಹಾಯ ಮಾಡಿದಿರಂತಲ್ಲ?”

“ಇಲ್ಲಿಯೇ ಅಂದ್ರೆ?” ಎಂದು ಕೇಳಿದೆ.

“ಇಂಟರ್‌ವ್ಯೂಗೆ ಬಂದಿದ್ರಲ್ಲ. ಬಾಕ್ಸಿನ ಮಾದರಿ ಮಾಡುದಕ್ಕೆ ಅವರನ್ನೇ ತಗೊಳ್ಳುದು ಅಂತ ಆಗಿದೆ. ಬರುವ ತಿಂಗಳಿಂದ. ನಿಮಗೆ ಹೇಳ್ಲಿಲ್ವಾ?”

ನಾನು ಲೋಟವನ್ನು ಮೇಜಿನ ಮೇಲೆ ಇಟ್ಟೆ. “ಹೇಳಿದ್ದಳು, ಮರೆತಿತ್ತು” ಅಂದೆ. ಏಕೆ ಹಾಗೆ ಹೇಳಿದೆ ಎಂದು ಈಗಲೂ ತಿಳಿಯುವುದಿಲ್ಲ. ಬಹುಶಃ, ನನಗೆ ಗೊತ್ತಿಲ್ಲ ಎಂಬುದು ಇನ್ನೊಬ್ಬರಿಗೆ ಗೊತ್ತಾಗುವುದು ಇನ್ನೂ ದೊಡ್ಡ ಅವಮಾನ ಅನ್ನಿಸಿರಬೇಕು.

ಮೂರನೆಯ ಸುತ್ತಿಗೆ ಹೆಸರು ಕರೆದರು. ಗೆಳತಿ ಬಂದು ಕೈ ಚಾಚಿದಳು. ನನ್ನ ಫೈಲಿನಲ್ಲಿ ಆ ವಿಮಾನ ಇತ್ತು. ಅದರ ಕೆಳಗೆ ಎರಡು ಖಾಲಿ ಹಾಳೆಗಳೂ ಇದ್ದವು: ಒಂದು ಅಂಗಡಿಯದು, ಒಂದು ನಾನು ಕತ್ತರಿಸಿಕೊಂಡದ್ದು. ಹೋಲಿಸಿ ನೋಡಲು ಯಾವಾಗಲೂ ಎರಡನ್ನೂ ಇಟ್ಟುಕೊಳ್ಳುತ್ತಿದ್ದೆ. ವಿಮಾನವನ್ನು ಕೊಡಬಹುದಿತ್ತು. ಕೊಟ್ಟಿದ್ದರೆ ನಾವು ಗೆಲ್ಲುತ್ತಿದ್ದೆವು, ಅದರಲ್ಲಿ ನನಗೆ ಸಂಶಯ ಇಲ್ಲ. ನಾನು ಎರಡು ಹಾಳೆಗಳನ್ನು ಎಳೆದು ಅವಳ ಮುಂದೆ ಹಿಡಿದೆ.

“ಮೂರನೆಯದು ಹಾಳಾಗಿದೆ. ಇದರಲ್ಲಿ ನಮ್ಮದು ಯಾವುದು ಅಂತ ನೋಡಿ ನೀನೇ ಮಡಚು.”

ಅವಳಿಗೆ ಆ ಕ್ಷಣವೇ ಅರ್ಥವಾಯಿತು. “ಅಕ್ಕ, ಇಲ್ಲಿ ಬೇಡ” ಎಂದು ಸಣ್ಣ ಸ್ವರದಲ್ಲಿ ಹೇಳಿದಳು.

“ಐದು ನಿಮಿಷ ಸಮಯ ಕೊಡ್ತಾರೆ. ಮಡಚು.”

ಅವಳು ಒಂದು ಹಾಳೆ ತೆಗೆದುಕೊಂಡಳು. ಬಗ್ಗಿಸಿ ನೋಡಿದಳು, ನೋಡುವ ಹಾಗೆ ಮಾಡಿದಳು. ಬೆರಳಿಗೆ ಅದು ತಿಳಿಯಬೇಕಾದರೆ ವರ್ಷಗಟ್ಟಲೆ ಕಾಗದ ಮುಟ್ಟಿರಬೇಕು. ಫೋಟೋದಲ್ಲಿ ಅದು ಬರುವುದಿಲ್ಲ. ತೆಗೆದುಕೊಂಡದ್ದು ಅಂಗಡಿಯ ಹಾಳೆ. ಮೇಜಿನ ಮೇಲೆ ಇಟ್ಟು ಮಡಚಿದಳು. ಸುತ್ತುಗಳು ಸಮ ಬರಲಿಲ್ಲ. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಇನ್‌ಚಾರ್ಜು ಸ್ವಲ್ಪ ದೂರದಿಂದ ನೋಡುತ್ತಿದ್ದರು. ನೋಡಲಿ, ಯಾರ ಕೈ ಅದು ಎಂದು ತಿಳಿಯಲಿ ಎಂದು ನಾನು ಬಯಸಿದೆ. ನನ್ನ ಜೀವನದಲ್ಲಿ ಇನ್ನೊಬ್ಬರು ಸೋಲಲಿ ಎಂದು ಅಷ್ಟು ಬಲವಾಗಿ ಬಯಸಿದ್ದು ಅದೊಂದೇ ಸಲ.

ಅವಳು ಎಸೆದಳು. ವಿಮಾನ ಮೇಲೆ ಹೋಯಿತು, ರೆಕ್ಕೆಯ ತುದಿ ಸೋತಿತು, ಅಲುಗಾಡಿ ಬಲಕ್ಕೆ ಮಗುಚಿತು. ನಾಲ್ಕು ಸೆಕೆಂಡು. ಜನ ‘ಛೆ’ ಅಂದರು. ಇನ್‌ಚಾರ್ಜು ಚಪ್ಪಾಳೆ ತಟ್ಟಿ “ಪರ್ವಾಗಿಲ್ಲ, ಟೆನ್ಷನ್‌ಗೆ ಹಾಗಾಗ್ತದೆ” ಅಂದರು. ಅವರಿಗೆ ಏನೂ ತಿಳಿಯಲಿಲ್ಲ. ಯಾರಿಗೂ ತಿಳಿಯಲಿಲ್ಲ. ಸುಳ್ಯದವರು ಗೆದ್ದರು. ಗೆದ್ದ ವಿಮಾನವನ್ನು ಮ್ಯಾನೇಜರು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ನನ್ನ ಮಡಿಕೆ ಅವರ ಕಣ್ಣಿಗೆ ಬಿದ್ದದ್ದು ಹೀಗೆ.

ಊಟದ ಸಾಲಿಗೆ ನಾನು ಹೋಗಲಿಲ್ಲ. ಗೋಡೌನಿನ ಹಿಂದೆ, ನಳ್ಳಿಯ ಹತ್ತಿರ ನಿಂತಿದ್ದೆ. ಅವಳು ಹುಡುಕಿಕೊಂಡು ಬಂದಳು.

“ಎಂತಕ್ಕೆ?” ಎಂದೆ. ಅಷ್ಟೇ ಕೇಳಲಾದದ್ದು.

ಅವಳು ನಳ್ಳಿ ತಿರುಗಿಸಿ ಕೈ ತೊಳೆದುಕೊಂಡಳು. ಆಮೇಲೆ ಹೇಳಿದಳು. “ಈಗ ಮದುವೆ ಕಾಗದ ಯಾರು ನಮ್ಮತ್ರ ಡಿಸೈನ್ ಮಾಡಿಸ್ತಾರೆ ಅಕ್ಕ? ಎಲ್ಲ ಮೊಬೈಲಲ್ಲೇ ಮಾಡಿ ತರ್ತಾರೆ. ನನ್ನ ಟೇಬಲ್ ತೆಗಿತಾರೆ ಅಂತ ಎರಡು ತಿಂಗಳ ಹಿಂದೆಯೇ ಹೇಳಿದ್ರು. ನಿಮಗೆ ಬೈಂಡಿಂಗ್ ಉಂಟು. ನನಗೆ ಎಂತ ಉಂಟು?”

“ನನ್ನ ಹತ್ರ ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ನೀವು ಬಿಟ್ಟುಕೊಡ್ತಿದ್ರಿ. ಮತ್ತೆ ಇಡೀ ಜೀವನ ನಾನದನ್ನು ನೆನಪಿಟ್ಟುಕೊಳ್ಬೇಕಿತ್ತು.”

ಅವಳ ಹೆದರಿಕೆ ನನಗೆ ಅರ್ಥವಾಗದೆ ಇರಲಿಲ್ಲ. ಅವಳು ಹೇಳಿದ್ದೂ ನಿಜ ಇರಬಹುದು. ಕೇಳಿದ್ದರೆ ನಾನು ಬಿಟ್ಟುಕೊಡುತ್ತಿದ್ದೆನೋ ಏನೋ. ಆದರೆ ‘ಸಹಾಯ ಮಾಡಿದಿರಂತಲ್ಲ’ ಎಂಬ ಮಾತು ಕಿವಿಯಿಂದ ಹೋಗುತ್ತಿರಲಿಲ್ಲ. ಕೆಲಸ ತೆಗೆದುಕೊಂಡದ್ದನ್ನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಕಾಗದ ಮುಟ್ಟಿ ಮುಟ್ಟಿ ನಾನು ಕಲಿತದ್ದನ್ನು ತನ್ನದೆಂದು ಹೇಳಿ, ನನ್ನನ್ನು ಸಹಾಯಕ್ಕೆ ನಿಂತವಳನ್ನಾಗಿ ಮಾಡಿದ್ದಳು. “ಊಟಕ್ಕೆ ಹೋಗು, ತಣ್ಣಗಾಗ್ತದೆ” ಎಂದಷ್ಟೇ ಹೇಳಿದೆ. ಅವಳು ಹೋದಳು.

ಮರುದಿನ ಮ್ಯಾನೇಜರ ಕೋಣೆಗೆ ಹೋದೆ. ಸ್ಪರ್ಧೆಯ ಸುದ್ದಿ ಎತ್ತಲಿಲ್ಲ. ವಿನ್ಯಾಸ ಇನ್ನೊಬ್ಬರಿಗೆ ಹೇಳಬಾರದು ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಎತ್ತಿದರೆ ನಾನೇ ಸಣ್ಣವಳಾಗುತ್ತಿದ್ದೆ. ಬಾಕ್ಸ್ ವಿಭಾಗದಲ್ಲಿ ಕೆಲಸ ಮಾಡಲು ನನಗೂ ಮನಸ್ಸಿತ್ತು ಎಂದಷ್ಟೇ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಅಯ್ಯೋ, ನೀವು ಒಂದು ಮಾತು ಹೇಳ್ಬಾರ್ದಾ? ನಿಮಗೆ ಪಂಜದಿಂದ ಸುಳ್ಯಕ್ಕೆ ಹೋಗ್ಲಿಕ್ಕೆ ಇಷ್ಟ ಇಲ್ಲ ಅಂತ ಅವರು ಹೇಳಿದ್ರು. ನಿಮ್ಮ ಹೆಸರು ಮೊದಲು ಬಂದದ್ದು ನನ್ನ ಬಾಯಲ್ಲೇ.”

ಅವರು ಎಂದರೆ ಯಾರು ಎಂದು ಕೇಳಲಿಲ್ಲ. ಕೋಣೆಯಿಂದ ಹೊರಗೆ ಬಂದು, ಕಟ್ಟಿ ಮುಗಿಸದ ಬಿಲ್ ಪುಸ್ತಕಗಳ ಮುಂದೆ ಕೂತೆ. ಅವಳು ಗಾಜಿನ ಆಚೆ ತನ್ನ ಕಂಪ್ಯೂಟರಿನ ಮುಂದೆ ಇದ್ದಳು. ಹದಿನೆಂಟು ದಿನ ಹಾಗೆ ಎದುರುಬದುರು ಕೂತು ಕೆಲಸ ಮಾಡಿದೆವು. ಬೇಕಾದಷ್ಟೇ ಮಾತು. ಹೋಗುವ ದಿನ ಅವಳು ಎಲ್ಲರಿಗೂ ಲಾಡು ಕೊಟ್ಟಳು, ನನ್ನ ಮೇಜಿನ ಮೇಲೂ ಕಾಗದದಲ್ಲಿ ಸುತ್ತಿ ಇಟ್ಟಳು. ನಾನು ಅದನ್ನು ಕಟಿಂಗ್ ಮಷಿನ್‌ನವರಿಗೆ ಕೊಟ್ಟೆ.

ಅವಳು ಸುಳ್ಯಕ್ಕೆ ಹೋಗಿ ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫೋನ್ ಬಂತು.

“ಅಕ್ಕ, ಒಂದು ಡೌಟ್ ಉಂಟು. ಗೋಡಂಬಿ ಬಾಕ್ಸಿನ ಮುಚ್ಚಳ ಮಡಚಿದಲ್ಲಿ ಬಿರಿದು ಹೋಗ್ತಾ ಉಂಟು. ನಾಡಿದ್ದು ಆರ್ಡರ್ ಕೊಟ್ಟ ಪಾರ್ಟಿಗೆ ತೋರಿಸ್ಬೇಕು. ಯಾರತ್ರ ಕೇಳುದು ಅಂತ ಗೊತ್ತಾಗ್ಲಿಲ್ಲ.”

ಫೋನ್ ಇಟ್ಟುಬಿಡಬಹುದಿತ್ತು. ಆದರೆ ಬಿರಿದ ಬಾಕ್ಸು ಯಾರದ್ದೇ ಆಗಲಿ, ನನ್ನಿಂದ ನೋಡಲಾಗುವುದಿಲ್ಲ. ಮುಚ್ಚಳದ ಗೆರೆ ನಾರಿಗೆ ಅಡ್ಡ ಬಿದ್ದಿರಬೇಕು, ರಟ್ಟನ್ನು ತಿರುಗಿಸಿ ಇಟ್ಟು ಕತ್ತರಿಸಬೇಕು, ಆಗದಿದ್ದರೆ ಗೆರೆಯನ್ನು ಅಗಲ ಮಾಡಿ ಮೆತ್ತಗೆ ಒತ್ತಬೇಕು ಎಂದು ಒಂದೊಂದಾಗಿ ಹೇಳಿದೆ. ಅವಳು ಬರೆದುಕೊಳ್ಳುತ್ತಿದ್ದದ್ದು ಕೇಳುತ್ತಿತ್ತು. ಒಂದು ಹಂತ ಅರ್ಥವಾಗಲಿಲ್ಲ ಅಂದಳು, ಮತ್ತೊಮ್ಮೆ ಹೇಳಿದೆ.

“ಥ್ಯಾಂಕ್ಸ್ ಅಕ್ಕ. ನೀವು ಇಲ್ಲದಿದ್ರೆ...”

“ಇನ್ನು ಎಂತಾದ್ರೂ ಕೇಳ್ಲಿಕ್ಕಿದ್ರೆ ಆಫೀಸಿನ ನಂಬರಿಗೆ ಫೋನ್ ಮಾಡಿ” ಅಂದೆ. “ನೀವು ಕೇಳಿದ್ದಕ್ಕೆ ನಾನು ಹೇಳ್ತೇನೆ.”

ಎಂಟು ವರ್ಷಗಳಲ್ಲಿ ನಾನು ಅವಳನ್ನು ‘ನೀವು’ ಎಂದದ್ದು ಅದೇ ಮೊದಲು. ಫೋನ್ ಕಟ್ಟಾಯಿತೋ ಎಂದು ಕಿವಿಯಿಂದ ತೆಗೆದು ನೋಡಿದೆ, ಆಗಿರಲಿಲ್ಲ.

“ಆಯ್ತು, ಮೇಡಂ” ಅಂದಳು.